ಹೊಸ್ತಿಲಲ್ಲಿ ಬೇವಿನ ನೀರು

ಸೂಜಿಯ ತುದಿಯಲ್ಲಿ ಮೇಣದ ಒಂದು ಹಳದಿ ಚುಕ್ಕೆ ಬಂದು ನಿಂತಿತು. ಅರ್ಧ ಸಾಸಿವೆಯಷ್ಟು. ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಒತ್ತಿದರೂ ಅದಕ್ಕಿಂತ ಮುಂದೆ ಏನೂ ಬರಲಿಲ್ಲ.

೧೯೪೮ರ ಬೇಸಿಗೆ. ನಾನು ಹೈದರಾಬಾದಿನಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಸಿ ಆಳಂದದ ಮನೆಗೆ ಬಂದಿದ್ದೆ. ಬಂದ ವಾರದಲ್ಲೇ, ತಂಗಿಯನ್ನು ಕಳಿಸಿರೆಂದು ಅಕ್ಕನ ಊರಿನಿಂದ ಬಂಡಿ ಬಂತು. ಅಕ್ಕನನ್ನು ಅಫಜಲಪುರದ ಹತ್ತಿರ ಅತನೂರಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆ, ಹೆಣ್ಣು ಮಗು ಚೆನ್ನಾಗಿತ್ತು, ತಾಯಿಗೆ ನಾಲ್ಕನೆಯ ದಿನದಿಂದ ಜ್ವರ. ನಾನು ಹೋದಾಗ ಅವಳು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಲೋಬಾನದ ಹೊಗೆ ಇದ್ದರೂ ಅವಳ ಸೀರೆಯಿಂದ ಬರುತ್ತಿದ್ದ ವಾಸನೆ ಕೋಣೆಯಲ್ಲಿ ಉಳಿದಿತ್ತು. ಅದನ್ನು ಅವರು ಬಾಣಂತಿ ನಂಜು ಎನ್ನುತ್ತಿದ್ದರು. ಗಂಡಸು ಡಾಕ್ಟರನ್ನು ಒಳಗೆ ಬಿಡುವ ಮಾತೇ ಇರಲಿಲ್ಲ. ಅವರು ಪಡಸಾಲೆಯಲ್ಲೇ ನಿಂತು ಕೇಳಿ ಮದ್ದಿನ ಹೆಸರು ಬರೆದು ಹೋಗಿದ್ದರು: ಪೆನಿಸಿಲಿನ್.

ಹೈದರಾಬಾದ್ ಸಂಸ್ಥಾನಕ್ಕೆ ಹೊರಗಿನಿಂದ ಬರುವ ಸಾಮಾನನ್ನು ಗಡಿಯಲ್ಲಿ ತಡೆಯುತ್ತಿದ್ದ ದಿನಗಳವು. ಭಾವ ಸೊಲ್ಲಾಪುರಕ್ಕೆ ಹೋಗಿ ರೊಟ್ಟಿಯ ಗಂಟಿನಲ್ಲಿ ಒಂದು ಶೀಶೆ ಬಚ್ಚಿಟ್ಟು ತಂದಿದ್ದ. ಐದು ದಿನದ ಮದ್ದು. ಮತ್ತೊಂದು ಸಲ ಹೋಗಿಬರುವಂತಿರಲಿಲ್ಲ. ಚುಚ್ಚಲು ಜೇವರ್ಗಿಯಿಂದ ಒಬ್ಬ ನರ್ಸಬಾಯಿಯನ್ನು ಕರೆಸಿದರು.

ನರ್ಸಬಾಯಿಗೆ ಐವತ್ತರ ವಯಸ್ಸು, ಜೋರು ಬಾಯಿ. ಶೀಶೆಯನ್ನು ಬೆಳಕಿಗೆ ಹಿಡಿದು ಅಲುಗಾಡಿಸಿದರು. ಒಳಗಿನದು ತುಪ್ಪದ ಹಾಗೆ ನಿಧಾನವಾಗಿ ಇಳಿಯಿತು.

"ಮೊದಲ ಇದೇ ಮದ್ದು ನೀರಾಗ ಕಲಸಿ ಕೊಡ್ತಿದ್ವಿರಿ. ಮೂರು ತಾಸಿಗೊಂದು ಸೂಜಿ. ನನ್ನ ಚಪ್ಪಲಿ ಸಪ್ಪಳ ಕೇಳಿದ್ರ ಹೆಣ್ಮಕ್ಕಳು ಮುಸುಕು ಎಳಕೊಂಡು ಸತ್ತಂಗ ಮಲಗ್ತಿದ್ರು" ಎಂದರು. "ಈಗ ಎಣ್ಣಿ, ಜೇನುಮೇಣ ಕೂಡಿಸ್ಯಾರ. ಮಾಂಸದಾಗ ಕೂತು ದಿನವೆಲ್ಲಾ ಹನಿಹನಿ ಕರಗತದ. ದಿನಕ್ಕ ಒಂದೇ ಸಾಕು."

"ಯಾವ ಎಣ್ಣಿ?" ಎಂದು ಅಕ್ಕನ ಅತ್ತೆ ಬಾಗಿಲಿನಿಂದ ಕೇಳಿದರು.

"ಶೇಂಗಾ ಎಣ್ಣಿರಿ."

"ಅಯ್ಯ, ಅದು ನಮ್ಮ ಗಡಿಗ್ಯಾಗ ತುಂಬೇದಲ್ಲಬೇ! ಅದಕ್ಕ ನನ್ನ ಮಗ ಸೊಲ್ಲಾಪುರಕ್ಕ ಹೋಗಿ ಬಂದ್ನೇನು?"

ಅಕ್ಕ ಜ್ವರದಲ್ಲೂ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆ ಕೆಟ್ಟವರಲ್ಲ. ಅವರು ಬಾಣಂತಿ ಕೋಣೆಯ ಹೊಸ್ತಿಲ ಪಕ್ಕದಲ್ಲಿ ತಾಮ್ರದ ತಂಬಿಗೆಯಲ್ಲಿ ಬೇವಿನೆಲೆ ಹಾಕಿದ ನೀರು ಇಟ್ಟಿದ್ದರು. ನೀರು ಸೋಕದೆ ಯಾವುದೂ ಒಳಗೆ ಹೋಗುವಂತಿರಲಿಲ್ಲ. ನಮ್ಮ ಕಾಲು, ಗಂಜಿಯ ಬಟ್ಟಲು, ಮಗುವಿನ ಕುಲಾಯಿ, ಎಲ್ಲಕ್ಕೂ ನಾಲ್ಕು ಹನಿ. ನರ್ಸಬಾಯಿ ಸಿರಿಂಜಿನ ತಟ್ಟೆಯನ್ನು ಎದೆಗವಚಿಕೊಂಡು ಒಳಗೆ ನುಗ್ಗಿದ್ದರು. "ನಿಮ್ಮ ಬೇವಿನ ನೀರು ನನ್ನ ಕಾಲಿಗೆ ಬೇಕಾದಷ್ಟು ಹಾಕ್ರಿ, ಸಿರಿಂಜಿಗಲ್ಲ. ಇದರಾಗ ಒಂದು ಹನಿ ನೀರು ಬಿದ್ರ ಮೇಣ ಒಡದು ಗಟ್ಟಿ ಆಗತದ, ಸೂಜಿ ಕಟ್ಟತದ."

ಆ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದ್ದೆ. ಮದ್ದಿನ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಯಲ್ಲೂ ಅದೇ ಇತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

ನರ್ಸಬಾಯಿ ಎರಡು ದಿನ ಇದ್ದರು. ನನಗೂ ಕಲಿಸಿದರು. "ಮೊದಲ ಬದನಿಕಾಯಿಗೆ ಚುಚ್ಚರಿ. ಬದನಿಕಾಯಿ ಬೈಯ್ಯಂಗಿಲ್ಲ." ಸಿರಿಂಜನ್ನು ಕುದಿಸಿ, ಕೊಳವೆ ಮತ್ತು ಒತ್ತುವ ದಂಡವನ್ನು ಬೇರೆಬೇರೆ ಇಟ್ಟು ಕೆಂಡದ ಮೇಲೆ ಒಣಗಿಸಬೇಕು, ಶೀಶೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಮೇಣ ಸಡಿಲವಾದ ಮೇಲೆ ಎಳೆಯಬೇಕು. ಎರಡನೆಯ ದಿನ ಜ್ವರ ಇಳಿಯಿತು. ಅಕ್ಕ ಗಂಜಿ ಕುಡಿದಳು. ಆ ಸಂಜೆ ಜೇವರ್ಗಿಯಿಂದ ಹೆರಿಗೆಯ ಕರೆ ಬಂದು ನರ್ಸಬಾಯಿ ಹೊರಟುಹೋದರು. ಹೋಗುವಾಗ ನನ್ನ ಕೈ ಹಿಡಿದು, "ದಿನಾ ಒಂದು. ತಪ್ಪಿಸಬ್ಯಾಡ್ರಿ. ನಂಜು ಅರ್ಧ ಸತ್ತದ, ಅರ್ಧ ಇನ್ನೂ ಜೀವಂತ ಅದ" ಎಂದರು.

ಮೂರನೆಯ ದಿನ ನಾನೊಬ್ಬಳೇ. ಎಲ್ಲವನ್ನೂ ಹೇಳಿದಂತೆಯೇ ಮಾಡಿದೆ. ಒಣಗಿದ ಕೊಳವೆಯನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ್ತಿಲಿಗೆ ಬಂದಾಗ ಅತ್ತೆ ತಂಬಿಗೆ ಹಿಡಿದು ನಿಂತಿದ್ದರು.

"ನೀರು ಸೋಕಸ್ತೇನಿ, ನಿಲ್ಲಬೇ."

"ಇದಕ್ಕ ಬ್ಯಾಡ್ರಿ, ಅತ್ತಿ."

"ಎರಡೇ ಹನಿ. ಇದೇ ಕೋಣ್ಯಾಗ ನನ್ನ ಮಗಳು ಹೋದ್ಳು, ಹನ್ನೆರಡು ದಿನದ ಬಾಣಂತಿ. ಆಕಿ ಹೊತ್ತಿನ್ಯಾಗ ನಾ ನೀರು ಇಟ್ಟಿದ್ದಿಲ್ಲ. ಅದಕ್ಕ ಹೋದ್ಳಂತ ಮಂದಿ ಅಂದ್ರು, ನಾನೂ ಹೌದಂದ್ಕೊಂಡೆ."

ನಾನು ಮತ್ತೊಮ್ಮೆ ಬೇಡ ಎನ್ನಬೇಕಾಗಿತ್ತು. ಎನ್ನಲಿಲ್ಲ. ಅವರು ಚಿಮುಕಿಸಿದ ಹನಿಗಳು ತಟ್ಟೆಗೆ ಮಾತ್ರ ಬಿದ್ದವು ಎಂದುಕೊಂಡು ಒಳಗೆ ಹೋದೆ.

ಶೀಶೆಯಿಂದ ಎಳೆಯುತ್ತಲೇ ಗಾಜಿನೊಳಗೆ ಮದ್ದು ಒಡೆದ ಹಾಲಿನಂತೆ ಗಂಟುಗಂಟಾಯಿತು. ಒತ್ತಿದೆ. ಆ ಹಳದಿ ಚುಕ್ಕೆ ಬಂದು ನಿಂತಿತು. ಆಗಲೂ ದಾರಿಯಿತ್ತು. ಹೊರಗೆ ಹೋಗಿ ಸಿರಿಂಜನ್ನು ಮತ್ತೆ ತೊಳೆದು ಒಣಗಿಸಿ ಇನ್ನೊಂದು ಅಳತೆ ಎಳೆಯಬಹುದಿತ್ತು. ಕೊನೆಗೆ ಒಂದು ದಿನದ ಮದ್ದು ಕಡಿಮೆಯಾಗುತ್ತಿತ್ತು, ಅಷ್ಟೆ. ಆದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಿಮ್ಮ ನೀರಿನಿಂದ ಹೀಗಾಯಿತು ಎಂದು ಅವರಿಗೆ ಹೇಳಲಾರದೆ ಹೋದೆ. ಅದು ಕರುಣೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಕಲಿತವಳು, ಮೊದಲ ದಿನವೇ ತಪ್ಪಿದಳು ಎಂದು ಅವರು ತಿಳಿಯಬಾರದು ಎಂಬುದೂ ಅದರಲ್ಲಿತ್ತು.

ಆ ಕಟ್ಟಿದ ಸೂಜಿಯನ್ನೇ ಅಕ್ಕನಿಗೆ ಚುಚ್ಚಿದೆ. ನರ್ಸಬಾಯಿ ನಿಲ್ಲಿಸುತ್ತಿದ್ದಷ್ಟೇ ಹೊತ್ತು ನಿಲ್ಲಿಸಿ ತೆಗೆದೆ. "ಆತು" ಎಂದೆ.

ಅಕ್ಕ ತಿರುಗಿ ನೋಡಿದಳು. "ಇವತ್ತ ಉರೀಲೇ ಇಲ್ಲ. ನಿನ್ನ ಕೈ ಹಗುರದ ಬೇ" ಎಂದಳು.

ಇದು ನಡೆದು ಕೆಲವು ವರ್ಷಗಳಾದವು. ಆ ಮಗು ಈಗ ಶಾಲೆಗೆ ಹೋಗುತ್ತದೆ. ಅಕ್ಕ ಬದುಕಿದ್ದಾಳೆ. ಮತ್ತೆ ಬಸಿರಾಗಲಿಲ್ಲ, ಒಳಗಿನ ನಾಳಗಳು ಮುಚ್ಚಿಹೋಗಿವೆಯೆಂದು ಲೇಡಿ ಡಾಕ್ಟರು ಹೇಳಿದರಂತೆ. ಅದಕ್ಕೂ ಆ ಒಂದು ದಿನಕ್ಕೂ ಸಂಬಂಧವಿದೆಯೋ ಇಲ್ಲವೋ ಯಾರೂ ಹೇಳಲಾರರು. ನಂಜು ಅಷ್ಟರಲ್ಲೇ ತನ್ನ ಕೆಲಸ ಮುಗಿಸಿತ್ತೇನೋ. ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ, ಉತ್ತರ ಒಂದೇ ಬರುವುದಿಲ್ಲ. ಅಕ್ಕ ಮಾತ್ರ ಬಂದವರ ಮುಂದೆಲ್ಲ ಹೇಳುತ್ತಾಳೆ, ನಮ್ಮ ತಂಗಿಯ ಕೈ ಹಗುರ ಎಂದು. ಆಗ ನಾನು ಎದ್ದು ನೀರು ಕುಡಿಯಲು ಒಳಗೆ ಹೋಗುತ್ತೇನೆ.

ಆ ಮೂರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಜ್ವರ ಏರಿತು. ಅಕ್ಕ ಮಗುವನ್ನು ಗುರುತಿಸದೆ "ಯಾರದಿದು?" ಎಂದು ಕೇಳಿದಳು. ಅತ್ತೆ ಓಡಿಹೋಗಿ ತಂಬಿಗೆಗೆ ಹೊಸ ಬೇವಿನೆಲೆ ಹಾಕಿ ತಂದು, ಬಾಗಿಲ ತುಂಬ, ಹೊರಸಿನ ಸುತ್ತ ಚಿಮುಕಿಸಿದರು.

ಮರುದಿನ ಬೆಳಿಗ್ಗೆ ಅವರು ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಾಗ ಹೋಗಿ ಎದುರಿಗೆ ಕುಳಿತೆ.

"ಅತ್ತಿ, ನಿನ್ನೆ ಮದ್ದು ಹೋಗಲಿಲ್ರಿ. ಸಿರಿಂಜಿನ್ಯಾಗ ನೀರು ಬಿದ್ದಿತ್ತು. ನಾ ಸುಳ್ಳು ಹೇಳಿದೆ."

ಅವರು ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿದರು. ಬೈಯಲಿಲ್ಲ.

"ಅಂದ್ರ," ಎಂದರು, "ಆಗ ನಾ ನೀರು ಇಟ್ಟಿದ್ರೂ ನನ್ನ ಮಗಳು ಉಳೀತಿದ್ದಿಲ್ಲೇನು?"

ಸಿರಿಂಜನ್ನು ಕುದಿಸಿ, ಅವರ ಒಲೆಯ ಕೆಂಡದ ಮೇಲೆಯೇ ಹಿಡಿದು ಒಣಗಿಸಿದೆ. ಕೊಳವೆಯನ್ನು ಸೂರ್ಯನ ಕಡೆ ಹಿಡಿದು ಅವರಿಗೂ ತೋರಿಸಿದೆ. ಎಲ್ಲಿಯೂ ಮಂಜಿರಲಿಲ್ಲ. ಹೊಸ್ತಿಲಿಗೆ ಬಂದು ತಟ್ಟೆಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ನನ್ನ ಎರಡೂ ಪಾದಗಳನ್ನು ಅವರ ಮುಂದೆ ಇಟ್ಟೆ. ಅವರು ತಂಬಿಗೆಯ ನೀರನ್ನೆಲ್ಲ ನನ್ನ ಕಾಲ ಮೇಲೆ ಸುರಿದರು. ಒದ್ದೆ ಕಾಲಿನಲ್ಲೇ ಒಳಗೆ ಹೋಗಿ, ಮೇಣ ಸಡಿಲವಾಗುವವರೆಗೆ ಶೀಶೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಪೂರ್ತಿ ಅಳತೆ ಎಳೆದು ಚುಚ್ಚಿದೆ. ಅಕ್ಕ ನೋವಿಗೆ ನನ್ನ ಮಣಿಕಟ್ಟನ್ನು ಕಚ್ಚಿದಳು.