ಶೆಟ್ರ ಕಾರಿಗೆ ಹಾಕಿ ತೆಗೆದ ಟರ್ಬೊ

ಮೂರು ವರ್ಷಗಳ ಹಿಂದಿನ ಮಾತು. ಆಗಲೂ ನಾನು ಮಾಣಿ ಎಂಬ ಊರಿನ ಹೆದ್ದಾರಿ ಬದಿಯಲ್ಲಿ ಒಬ್ಬನೇ ಗ್ಯಾರೇಜ್ ನಡೆಸುತ್ತಿದ್ದೆ. ಸ್ಪಾನರ್ ಎತ್ತಿಕೊಡುವವನೂ ನಾನೇ, ತಡವಾದರೆ ಬೈಸಿಕೊಳ್ಳುವವನೂ ನಾನೇ. ಒಂದು ದಿನ ಕೊಕ್ಕಡ ಕಡೆಯ ವಿಠಲ ಶೆಟ್ರು ಹಳೆಯ ಪೆಟ್ರೋಲ್ ಕಾರಿನಲ್ಲಿ ಬಂದು, ಇದಕ್ಕೆ ಟರ್ಬೊ ಹಾಕಲು ಆಗುತ್ತದೆಯೇ ಎಂದು ಕೇಳಿದರು.

ಶೆಟ್ರು ಮಸ್ಕತ್ತಿನಲ್ಲಿ ದುಡಿದು ಮರಳಿದವರು. ಕಾರು ಅವರ ಹೆಂಡತಿ ಗುಲಾಬಿಯಕ್ಕನದು. ಅಕ್ಕ ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಅವರು ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಏರು ಬಂದರೆ ಕಾರು ಏದುಸಿರು ಬಿಡುತ್ತಿತ್ತು, ಹಿಂದಿನ ಲಾರಿಗಳು ಹಾರ್ನ್ ಹೊಡೆದು ಜೀವ ತಿನ್ನುತ್ತಿದ್ದವು. ಮಾರಿ ಹೊಸದು ತೆಗೆದುಕೊಳ್ಳಿ ಎಂದು ನೆಂಟರೆಲ್ಲ ಹೇಳಿದ್ದರು. ನಾನೂ ಅದನ್ನೇ ಹೇಳಿದೆ.

"ಇದು ಮನೆಯಲ್ಲೇ ಇರಬೇಕು ಮಾರಾಯ. ಹತ್ತುವ ಶಕ್ತಿ ಒಂದು ಕೊಡು, ಸಾಕು," ಎಂದರು.

ಸಾಮಾನ್ಯ ಇಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಎಂದರೆ ಹೊರಹೋಗುವ ಬಿಸಿ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್ನಿಗೆ ಇನ್ನಷ್ಟು ಗಾಳಿ ಒತ್ತಿ ತುಂಬುವ ಪುಟ್ಟ ಫ್ಯಾನ್. ಗಾಳಿಗೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಪಿಸ್ಟನ್ನೇ ಕರಗೀತು. ಹಾಗಾಗಿ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಸಿಲಿಂಡರಿನ ಒತ್ತಡ ತಗ್ಗಿಸಲು ದಪ್ಪ ಗ್ಯಾಸ್ಕೆಟ್, ಗಾಳಿ ತಂಪಾಗಲು ಇಂಟರ್‌ಕೂಲರ್, ಟರ್ಬೊಗೆ ಆಯಿಲ್ ಹೋಗಿ ಬರುವ ಪೈಪು, ಕೊನೆಗೆ ಕಂಪ್ಯೂಟರಿನಲ್ಲಿ ಟ್ಯೂನಿಂಗ್, ಎಲ್ಲ ಮಾಡಿದೆ. ಬೂಸ್ಟ್, ಅಂದರೆ ಗಾಳಿ ಒತ್ತುವ ಜೋರು, ಕಡಿಮೆಯೇ ಇಟ್ಟೆ. ಕಾರು ಕೊಡುವಾಗ ಒಂದು ಮಾತು ಒತ್ತಿ ಹೇಳಿದೆ: ಏರು ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡಬಾರದು. ಆಯಿಲ್ ಓಡಾಟ ನಿಂತರೆ ಅದು ಕಾದ ಟರ್ಬೊದೊಳಗೇ ಸುಟ್ಟು ಕರಿ ಕಟ್ಟುತ್ತದೆ. ಕಾರು ನಿಂತಲ್ಲೇ ಒಂದೆರಡು ನಿಮಿಷ ಇಂಜಿನ್ ಓಡಲಿ ಎಂದೆ.

ಕೆಲವು ತಿಂಗಳಲ್ಲಿ ಕಾರು ನೀಲಿ ಹೊಗೆ ಬಿಡುತ್ತಾ ವಾಪಸ್ ಬಂತು. ಟರ್ಬೊ ಬಿಚ್ಚಿದರೆ ಬೇರಿಂಗ್ ತುಂಬಾ ಕರಿ. ನನಗೆ ಸಿಟ್ಟು ನೆತ್ತಿಗೇರಿತು. ಹೀಗೇ ಮುಂದುವರಿದರೆ ಇಂಜಿನ್ನೂ ಹೋಗುತ್ತದೆ, ಅಕ್ಕನ ಕಾರು ಗುಜರಿಗೆ ಎಂದು ಗದರಿದೆ. ರಿಪೇರಿಯಾದ ಮೇಲೆ, ಎಲ್ಲಿ ತಪ್ಪುತ್ತಿದ್ದಾರೆ ಎಂದು ನೋಡಲು ಅವರ ಜೊತೆಗೇ ಹೊರಟೆ.

ಅವರ ಮನೆ ರಸ್ತೆಯಿಂದ ತುಂಬಾ ಕೆಳಗೆ. ಕೊನೆಯ ಏರು ಹತ್ತಿ ಇಳಿಜಾರಿನ ತುದಿಗೆ ಬಂದದ್ದೇ, ಶೆಟ್ರು ಗೇರ್ ನ್ಯೂಟ್ರಲಿಗೆ ತಂದು ಕೀ ತಿರುಗಿಸಿಬಿಟ್ಟರು. ಕಾರು ಸದ್ದಿಲ್ಲದೆ ಜಾರಿ ಅಂಗಳದಲ್ಲಿ ನಿಂತಿತು.

"ಹೇಳಿದ್ದೆನಲ್ಲ ಶೆಟ್ರೇ, ಆಫ್ ಮಾಡಬೇಡಿ ಅಂತ. ಮೇಲಾಗಿ ಇಂಜಿನ್ ನಿಂತರೆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ."

ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಅವಳು ಹುಷಾರಿಲ್ಲದೆ ಮಲಗಿದ್ದಾಗ ಶಬ್ದಕ್ಕೆ ಎಚ್ಚರ ಆಗ್ತಿತ್ತು. ಮೇಲೆಯೇ ಆಫ್ ಮಾಡಿ ಇಳಿಸ್ತಿದ್ದೆ. ಈಗ ಎಚ್ಚರ ಆಗ್ಲಿಕ್ಕೆ ಯಾರೂ ಇಲ್ಲ. ಆದ್ರೂ ಕೈ ಕೇಳುವುದಿಲ್ಲ."

ನನ್ನ ಸಿಟ್ಟು ಇಳಿದುಹೋಯಿತು. ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಹಾಗೆಯೇ ಬಿಡಿ ಎಂದೆ. ಇಂಜಿನ್ ಓಡುತ್ತಿತ್ತು. ಇಬ್ಬರೂ ಮನೆಯ ಮುಚ್ಚಿದ ಬಾಗಿಲು ನೋಡುತ್ತಾ ಕುಳಿತೆವು. ಗ್ಯಾರೇಜಿನ ಹಿಂದೆ ನಾನೊಬ್ಬನೇ ಇರುವ ಕೋಣೆಯ ನೆನಪಾಯಿತು; ಅಲ್ಲೂ ಬಾಗಿಲು ತೆರೆಯುವವರು ಯಾರೂ ಇಲ್ಲ.

"ಈ ಟರ್ಬೊ ತೆಗೆದುಬಿಡು," ಎಂದರು ಶೆಟ್ರು. "ಹೀಗೆ ಕೂತ್ರೆ, ಒಳಗಿಂದ ಯಾರೋ ಬರ್ಲಿಕ್ಕೆ ಉಂಟು ಅಂತ ಕಾದ ಹಾಗೆ ಆಗ್ತದೆ."

ಟರ್ಬೊ ತೆಗೆದು, ಇಂಜಿನ್ ಮೊದಲಿನಂತೆ ಮಾಡಿಕೊಟ್ಟೆ. ಕಾರು ಈಗಲೂ ಏದುಸಿರು ಬಿಡುತ್ತಲೇ ಏರು ಹತ್ತುತ್ತದೆ.

ಅಂದಿನಿಂದ ಟರ್ಬೊ ಕೇಳಿ ಬಂದವರನ್ನು, ಶಕ್ತಿ ಎಷ್ಟು ಬೇಕು ಎನ್ನುವ ಮೊದಲು, ಮನೆ ತಲುಪಿದಾಗ ಇಂಜಿನ್ ಎಲ್ಲಿ ಆಫ್ ಮಾಡುತ್ತೀರಿ ಎಂದು ವಿಚಾರಿಸುತ್ತೇನೆ. ಹೆಚ್ಚಿನವರು ನಗುತ್ತಾರೆ. ಒಳಗೆ ಮಲಗಿದವರಿಗೆ ಎಚ್ಚರವಾಗದಂತೆ ಮೇಲೆಯೇ ಆಫ್ ಮಾಡುತ್ತೇನೆ ಎನ್ನುವವರ ಕಾರಿಗೆ ನಾನು ಟರ್ಬೊ ಹಾಕುವುದಿಲ್ಲ.