ಕಾರಿಜದ ವಾಸನೆ

ನನಗೆ ಬಾಯಿಗಿಂತ ಮೊದಲು ಕೈ ಬರುತ್ತಿತ್ತು. ಹೆಮ್ಮೆಯಿಂದ ಹೇಳುತ್ತಿಲ್ಲ; ಇದನ್ನು ಮುಚ್ಚಿಟ್ಟರೆ ಬರೆದೂ ದಂಡ.

ನಮ್ಮದು ಜಾಲಹಳ್ಳಿ ಕಡೆಯ ಕುರಿಗಾರರ ಮನೆತನ. ಆ ಸಲ ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ, ಗೊಬ್ಬರಕ್ಕೆಂದು ಒಬ್ಬರ ಹೊಲದಲ್ಲಿ ಕುರಿ ತರುಬಿದ್ದೆವು. ಜೊತೆಗೆ ನನ್ನವ್ವ, ಹೆಂಡತಿ, ನಾಲ್ಕು ತಿಂಗಳ ಕೂಸು. ಹೊತ್ತು ಮುಳುಗುವಾಗ ಹಿಂಡು ಮೇದು ಬಂದರೆ, ಮುಳ್ಳುಬೇಲಿಯೊಳಗಿನ ಮರಿಗಳನ್ನು ಒಂದೊಂದಾಗಿ ಎತ್ತಿ ಅದರದರ ತಾಯಿಗೆ ಬಿಡುವುದು ಹೆಂಡತಿಯ ಕೆಲಸ. ಅರವತ್ತು ಮರಿಗಳ ಕಿವಿ, ಮಚ್ಚೆ ಎಲ್ಲ ಅವಳಿಗೆ ಬಾಯಿಪಾಠ.

ಅಂಥವಳು ತಪ್ಪತೊಡಗಿದಳು. ತನ್ನದಲ್ಲದ ಮರಿ ಬಂದರೆ ಕುರಿ ಗುದ್ದಿ ಓಡಿಸುತ್ತದೆ. ಹಾಲಿಲ್ಲದೆ ಎರಡು ಮರಿ ಸತ್ತವು.

"ಕಣ್ಣಾಗ ಮಣ್ಣು ಬಿದ್ದದೇನಲೇ?" ಎಂದು ಕಪಾಳಕ್ಕೆ ಬಿಟ್ಟೆ.

"ಹೊತ್ತು ಮುಣಗಿದ್ರ ಕಾಣವಲ್ದುರೀ" ಎಂದಳು.

"ಹಗಲೆಲ್ಲ ಸೂಜಿಗಿ ದಾರ ಪೋಣಸ್ತಾಳ, ಸಂಜಿಗಿ ಕುರುಡಿ ಆಗ್ತಾಳ. ಬರೇ ಸೋಗು!" ಎಂದಳು ನನ್ನವ್ವ. ನಾನೂ ನಂಬಿದೆ.

ಬಾಣಂತಿಯ ಊಟದಲ್ಲಿ ಅವ್ವನದು ಭಾರಿ ಕಟ್ಟುನಿಟ್ಟು. ಸೊಪ್ಪು ತಿಂದರೆ ಕೂಸಿಗೆ ಥಂಡಿ, ತುಪ್ಪ ತಿಂದರೆ ಕಫ, ಕಾರಿಜ, ಅಂದರೆ ಕುರಿಯ ಲಿವರ್, ತಿಂದರೆ ಎದೆಹಾಲು ಕೆಡುತ್ತದೆ. ಬಸುರಿಯಿದ್ದಾಗಲೂ ಇದೇ. ಅವಳ ಪಾಲಿಗೆ ರೊಟ್ಟಿ, ಕೆಂಪು ಖಾರ.

ಒಂದು ಸಂಜೆ ಅವಳ ಕಾಲಡಿ ಸಿಕ್ಕು ಮರಿಯೊಂದರ ಕುತ್ತಿಗೆ ಮುರಿಯಿತು. ನಾನು ಬಡಿಗೆ ತಗೊಂಡೆ. ಬೆನ್ನಿಗೆ, ಭುಜಕ್ಕೆ, ಎಲ್ಲಿ ಬಿತ್ತೋ ಅಲ್ಲಿ. ಬಡಿಗೆ ಮುರಿದ ಮೇಲೆ ಒದ್ದೆ. ಆಮೇಲೆ ಆ ಮರಿಯನ್ನು ಸುಲಿದು, ಕಾರಿಜವನ್ನು ಕೆಂಡದ ಮೇಲೆ ಸುಟ್ಟು, ಅವಳೆದುರೇ ಕೂತು ತಿಂದೆ.

"ಇನ್ನೊಂದು ಕೊಂದಿ ಅಂದ್ರ ನಿನ್ನೂ ಹಿಂಗ ಸುಲೀತೀನಿ" ಎನ್ನುತ್ತ ಎದ್ದೆ.

ಅವಳು ಕೂಸನ್ನು ಅವಚಿಕೊಂಡು ಓಡಿದಳು. ಓಡಿದ್ದು ನೆಟ್ಟಗೆ ಮುಳ್ಳುಬೇಲಿಗೆ. ದಾರಿ ಪಕ್ಕದಲ್ಲೇ ತೆರೆದಿತ್ತು. ಮೊಬೈಲಿನ ಟಾರ್ಚ್ ಹಾಕಿದೆ: ಅವಳ ಹುಬ್ಬಿನಲ್ಲಿ ಜಾಲಿಮುಳ್ಳು, ಕೂಸಿನ ಕೆನ್ನೆ ತುಂಬ ರಕ್ತ. "ದಾರಿ ಎಲ್ಲದ? ಯವ್ವಾ, ದಾರಿ ಎಲ್ಲದ?" ಎಂದು ಬೇಲಿಯನ್ನೇ ತಡವುತ್ತಿದ್ದಳು. ಸೋಗು ಹಾಕುವ ತಾಯಿ ಕೂಸನ್ನು ಮುಳ್ಳಿಗೆ ಹಾಕುತ್ತಾಳೆಯೇ?

ಮರುದಿನ ರಾಯಚೂರಿನ ಡಾಕ್ಟರಮ್ಮ ಮೊದಲು ನೋಡಿದ್ದು ಬಾಸುಂಡೆಗಳನ್ನು.

"ಯಾರು ಹೊಡದದ್ದು?"

"ನಾನೇರೀ."

"ಥೂ ನಿನ್ನ! ಇದು ಇರುಳುಗಣ್ಣು. ಮೈಯಾಗ ಎ ವಿಟಮಿನ್ ಇಲ್ಲ. ತಾಯಿಗಿ ಇಲ್ಲಂದ್ರ ಎದಿಹಾಲಿನ್ಯಾಗೂ ಕಡಿಮಿ. ಹಿಂಗ ಬಿಟ್ರ ನಾಳಿ ಕೂಸಿನ ಕಣ್ಣಿಗೂ ಬರತದ. ಇದು ಎಣ್ಣಿ-ತುಪ್ಪದಾಗ ಕರಗೂ ವಿಟಮಿನ್ನು. ನುಗ್ಗಿಸೊಪ್ಪು, ಗಜ್ಜರಿ ಬರೇ ಕುದಿಸಿ ಕೊಟ್ರ ಮೈಗಿ ಹತ್ತೂದು ಕಡಿಮಿ, ಎಣ್ಣಿ ಹಾಕಿ ಮಾಡ್ರಿ. ಉಳದದ್ದನ್ನ ಮೈ ಕಾರಿಜದಾಗ ಕೂಡಿಡತದ. ಕುರಿದೂ ಹಂಗ. ಕುರಿ ಕಾಯೋ ಮಂದಿಗಿ ವಾರಕ್ಕ ಒಂದು ತುಂಡು ಕಾರಿಜ ಕೊಡಾಕ ಏನು ಧಾಡಿ?"

ನನ್ನ ಬಾಯಲ್ಲಿ ಹಿಂದಿನ ಸಂಜೆಯ ರುಚಿ ಇನ್ನೂ ಇತ್ತು.

ಔಷಧಿ ತಗೊಂಡಳು, ಸೊಪ್ಪು ತಿಂದಳು. ಅವ್ವ ಗೊಣಗುತ್ತಲೇ ತುಪ್ಪ ಬಡಿಸಿದಳು. ಕೆಲವೇ ವಾರದಲ್ಲಿ ಒಂದು ಸಂಜೆ ಒಂದೂ ತಪ್ಪದೆ ಎಲ್ಲ ಮರಿ ಬಿಟ್ಟಳು. ಖುಷಿಯಿಂದ ನಾನೇ ಕಾರಿಜ ಸುಟ್ಟು ಅವಳ ಮುಂದಿಟ್ಟೆ. ಪೂರ್ತಿ ತಿಂದು, ಕೈ ತೊಳೆದು, ಅವಳು ಹೇಳಿದಳು:

"ಅವತ್ತ ನೀವು ತಿನ್ನಾಕತ್ತಾಗ ನನಗ ವಾಸನಿ ಅಷ್ಟ ಬಂತು. ನೀವು ಕಾಣಲಿಲ್ಲ. ಮತ್ತ ಪೆಟ್ಟು ಯಾವ ಕಡಿಂದ ಬರತದೋ ಅಂತ ಕಿವಿ ಕೊಟ್ಟು ಕುಂತಿದ್ದೆ."