ಬಲೆಯ ಕಣ್ಣಿನ ಲೆಕ್ಕ

ಟ್ರೇನಿಂಗ್ ಮುಗಿಸಿ ಬಂದ ಹೊಸತು, ತಲೆ ತುಂಬ ಗಾಳಿ. ಸಂತೆಗುಳಿ ಕಡೆಯ ತೋಟದ ಮನೆಯವಳಾದ ನನ್ನನ್ನು ಹೊನ್ನಾವರದಾಚೆ, ಸಮುದ್ರದ ದಂಡೆಯ ಶಾಲೆಗೆ ಹಾಕಿದ್ದರು. ಅಲ್ಲಿದ್ದವರೆಲ್ಲ ಮೀನುಗಾರರ ಮಕ್ಕಳು. ಕೈಕೆಲಸದ ಮೂಲಕ ಕಲಿಸಿ ಎಂದು ಮೇಲಿನವರ ಆಜ್ಞೆ. ಅದಕ್ಕೆಂದು ನೂಲು ತೆಗೆಯುವ ತಕಲಿ ಕಳಿಸಿದ್ದರು, ಹತ್ತಿ ಮಾತ್ರ ಕಳಿಸಿರಲಿಲ್ಲ. ಮಕ್ಕಳು ತಕಲಿಯನ್ನು ಬುಗುರಿ ಮಾಡಿಕೊಂಡವು.

ಏಳನೇ ಇಯತ್ತೆಯಲ್ಲಿ ಒಬ್ಬಳೇ ಹುಡುಗಿ. ಆ ವರ್ಷ ಮುಲ್ಕಿ ಪರೀಕ್ಷೆಗೆ ಕೂರಬೇಕಾದವಳು. ಮುಲ್ಕಿ ಪಾಸಾದರೆ ಮಾಸ್ತರಿಕೆ ಸಿಗುತ್ತಿದ್ದ ಕಾಲ. "ನಾನೂ ನಿಮ್ಮಂಗೆ ಅಕ್ಕೋರಾಗಬೇಕು" ಎಂದು ನನ್ನ ಹಿಂದೆಯೇ ಸುತ್ತುತ್ತಿದ್ದಳು. ಆದರೆ ಲೆಕ್ಕ ಅಂದರೆ ಅವಳಿಗೆ ಜ್ವರ. ಪಾಟಿ-ಬಳಪ ಹಿಡಿದರೆ ಕಣ್ಣಲ್ಲಿ ನೀರು.

ಒಂದು ದಿನ ಹರಕು ಬಲೆಯೊಂದನ್ನು ತರಿಸಿ ನೆಲದ ಮೇಲೆ ಹರವಿದೆ. ಇಷ್ಟಗಲ ತೂತು, ಬಲೆಯ ಒಂದೊಂದು ಕಣ್ಣೂ ಎರಡು ಬೆರಳಗಲ. ಎಷ್ಟು ಸಾಲು ಕಟ್ಟಬೇಕು, ಎಷ್ಟು ಮಾರು ದಾರ ಬೇಕು? ನೀವೇ ಕಂಡುಹಿಡಿಯಿರಿ ಅಂದೆ. ಗಂಡುಹುಡುಗರು ಪಾಟಿ ಉಜ್ಜುತ್ತ ಕೂತರು. ಇವಳು ಬೆರಳಲ್ಲಿ ಅಳೆದು, ಬಾಯಲ್ಲೇ ಗುಣಿಸಿ ಹೇಳಿಯೇಬಿಟ್ಟಳು. ಕಟ್ಟಿ ನೋಡಿದರೆ ಒಂದು ಕಣ್ಣೂ ಹೆಚ್ಚುಕಡಿಮೆ ಇಲ್ಲ. ಅಬ್ಬಬ್ಬಾ! ಅಂದಿನಿಂದ ಭಿನ್ನರಾಶಿ, ಚದರಳತೆ ಎಲ್ಲ ಬಲೆಯ ಮೇಲೆಯೇ. ಎರಡು ತಿಂಗಳಲ್ಲಿ ಅವೇ ಲೆಕ್ಕಗಳನ್ನು ಪಾಟಿಯ ಮೇಲೂ ಮಾಡತೊಡಗಿದಳು. ಇವಳು ಪಾಸಾಗುವುದು ಖಾತ್ರಿ ಎಂದು ನಾನು ನಂಬಿದೆ.

ಅಲ್ಲಿಗೆ ಸುಮ್ಮನಿರಬಾರದಿತ್ತೇ? ನನಗೆ ಮೆರೆಯಬೇಕಿತ್ತಲ್ಲ! ಪಾಲಕರನ್ನೆಲ್ಲ ಕರೆಸಿ, ಅವಳು ಶಾಲೆಯಲ್ಲೇ ಲೆಕ್ಕ ಹಾಕಿ ಹೊಸದಾಗಿ ಕಟ್ಟಿದ ಬಲೆಯನ್ನು ಗೋಡೆಗೆ ತೂಗುಹಾಕಿದೆ. ಅವಳ ಅಪ್ಪ ಬಂದವನು ಬಲೆ ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ. ನಾಚಿಕೊಳ್ಳುತ್ತಿದ್ದಾನೆ ಅಂದುಕೊಂಡು ನಾನೇ ಬಲೆ ಇಳಿಸಿ, ನಗುನಗುತ್ತ ಅವನ ಕೈಗೆ ಕೊಟ್ಟೆ. ಅವನು ಜಗ್ಗಿ ನೋಡಿದ, ಕಣ್ಣಿಗೊತ್ತಿಕೊಂಡ, ಹೆಗಲ ಮೇಲೆ ಹಾಕಿಕೊಂಡು ಹೋದ. ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಎದೆ ತುಂಬಿಬಂತು.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನೇ ಅವರ ಮನೆಗೆ ಹೋದೆ. ಹುಡುಗಿ ಜಗಲಿಯಲ್ಲಿ ಬಲೆ ಕಟ್ಟುತ್ತಿದ್ದಳು. ಅಪ್ಪ ಎದ್ದು ಚಾಪೆ ಹಾಸಿದ.

"ಶಾಲೆಗೆ ಎಂತಕ್ಕೆ ಕಳಿಸಲಿಲ್ಲ?" ಅಂದೆ.

ಅವನಿಗೇ ಆಶ್ಚರ್ಯ. "ಕಲಿಸಿದವರು ನೀವು, ಬಲೆ ನನ್ನ ಕೈಗೆ ಕೊಟ್ಟವರೂ ನೀವು. ಇನ್ನು ಎಂತ ಶಾಲೆ, ಅಕ್ಕೋರೆ?"

ಆಗ ತಿಳಿಯಿತು. ಆ ಕೇರಿಯಲ್ಲಿ ಬಲೆ ಕಲಿಸಿದವರು, ಕಲಿತವರ ಬಲೆಯನ್ನು ತಮ್ಮ ಕೈಯಾರೆ ಮನೆಯವರಿಗೆ ಒಪ್ಪಿಸಿದರೆ ಕಲಿಕೆ ಮುಗಿಯಿತು. ಒಂದು ಗಂಟು ಜಾರುತ್ತಿದ್ದರೂ ಕೊಡುವುದಿಲ್ಲ, ಕೊಟ್ಟರೂ ಮನೆಯವರು ಜಗ್ಗಿ ನೋಡಿ ಒಪ್ಪುವುದಿಲ್ಲ. ಒಪ್ಪಿಸಿಕೊಂಡರೆ ಮರುದಿನದಿಂದ ದುಡಿಮೆ. ಊರಿಗೆಲ್ಲ ಗೊತ್ತಿದ್ದ ಸಂಗತಿ, ಕಲಿಸಲು ಬಂದ ಈ ಮಹರಾಯಿತಿಗೆ ಗೊತ್ತಿರಲಿಲ್ಲ!

ಪರೀಕ್ಷೆಗೆ ಎರಡೇ ತಿಂಗಳು ಅಂದೆ. ಸರ್ಕಾರಿ ಕೆಲಸ ಸಿಗುತ್ತದೆ ಅಂದೆ. ಬೈದೆ, ಕೊನೆಗೆ ಕೈಮುಗಿದೆ. ಅವನು ಗಾಬರಿಯಾಗಿ ನನ್ನ ಕೈ ಬಿಡಿಸಿದ. ಆದರೆ ಎಲ್ಲರೆದುರು ಒಪ್ಪಿಸಿಕೊಂಡದ್ದನ್ನು ವಾಪಸು ಕೊಡುವುದೆಂದರೇನು ಎಂದು ಅವನಿಗೆ ಅರ್ಥವೇ ಆಗಲಿಲ್ಲ.

ಹೊರಟಾಗ ಹುಡುಗಿ ಬೇಲಿಯವರೆಗೆ ಬಂದಳು. ಅಳಲಿಲ್ಲ. ತಲೆ ತಗ್ಗಿಸಿಯೇ ಕೇಳಿದಳು:

"ಅಕ್ಕೋರೆ, ನಾನು ಬೇಕಂತಲೇ ಒಂದು ಗಂಟು ತಪ್ಪು ಹಾಕಿದ್ರೆ, ಮುಲ್ಕಿಗೆ ಕೂರ್ತಿದ್ನಾ?"

ಕೂರುತ್ತಿದ್ದಳು. ಅದನ್ನು ಅವಳಿಗೆ ಹೇಳದೆ ಬೇಲಿ ದಾಟಿ ಶಾಲೆಯ ದಾರಿ ಹಿಡಿದೆ.